ಚಳಿ ಹುಡುಕಿಕೊಂಡು

ಕೌಲಾಲಂಪುರದಲ್ಲಿ ನೆಲೆಸಿದವರಿಗೆ ಋತುಗಳ ಲೆಕ್ಕವೇ ಮರೆತುಹೋಗುತ್ತದೆ. ಜನವರಿಯಲ್ಲೂ ಬೆವರು, ಜುಲೈಯಲ್ಲೂ ಬೆವರು. ಮಧ್ಯಾಹ್ನ ಗುಡುಗಿ ಒಂದು ಮಳೆ ಸುರಿದರೆ, ಅದು ನಿಂತ ಮೇಲೆ ಇನ್ನಷ್ಟು ಸೆಕೆ. ಹಾಗಾಗಿ ಇಲ್ಲಿ ನಾಲ್ಕು ಜನ ಕನ್ನಡದವರು ಸೇರಿದ ಕಡೆ ಚಳಿಯ ಮಾತು ಬರಲೇಬೇಕು. ನನ್ನ ಹೆಂಡತಿ ಕೊಪ್ಪದ ಕಡೆಯವಳು. ಡಿಸೆಂಬರಿನ ಬೆಳಗ್ಗೆ ಬಚ್ಚಲೊಲೆಯ ಮುಂದೆ ಕೈ ಕಾಯಿಸಿಕೊಂಡದ್ದನ್ನು ಮದುವೆ ಮನೆಯ ಊಟ ನೆನೆಯುವ ಹಾಗೆ ನೆನೆಯುತ್ತಾಳೆ. ವಾರದ ಕೊನೆಗೆ ಹಬ್ಬದ ರಜೆಯೊಂದು ಅಂಟಿಕೊಂಡಿತೆಂದರೆ ಪೆಟ್ಟಿಗೆಯ ತಳದಿಂದ ಸ್ವೆಟರುಗಳು ಹೊರಬರುತ್ತವೆ. ಕ್ಯಾಮರಾನ್ ಹೈಲ್ಯಾಂಡ್ಸ್ ಗಿರಿಧಾಮಕ್ಕೇ ಹೊರಟಿದ್ದೇವೆಂದು ಆಮೇಲೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಗೆಂಟಿಂಗ್ ಬೆಟ್ಟ ಇನ್ನೂ ಹತ್ತಿರ, ಕೇಬಲ್ ಕಾರಿನಲ್ಲಿ ತೇಲುತ್ತಾ ಹೋಗಬಹುದು. ಆದರೆ ಅಲ್ಲಿ ಮೋಡದ ನಡುವೆಯೂ ಪೇಟೆಯೇ. ಕ್ಯಾಮರಾನಿನ ದಾರಿ ಹಾಗಲ್ಲ. ತಾಪಾದಲ್ಲಿ ಹೆದ್ದಾರಿ ಬಿಟ್ಟರೆ ಅರವತ್ತು ಕಿಲೋಮೀಟರಿನಷ್ಟು ಬರೀ ತಿರುವು. ಮಕ್ಕಳ ಕೈಗೆ ನಿಂಬೆಹಣ್ಣು ಕೊಟ್ಟು ಮೂಸುತ್ತಿರಿ ಅನ್ನುತ್ತೇವೆ. ರಿಂಗ್ಲೆಟ್ ಹತ್ತಿರವಾಗುವ ಹೊತ್ತಿಗೆ ಎ.ಸಿ. ಆರಿಸಿ ಗಾಜು ಇಳಿಸಬೇಕು. ಒಳಗೆ ನುಗ್ಗುವ ಗಾಳಿಯಲ್ಲಿ ಒದ್ದೆ ಮಣ್ಣು, ಜರಿಗಿಡ, ಎಲ್ಲೋ ಉರಿಯುವ ಸೌದೆಯ ವಾಸನೆ. ಇಡೀ ಪ್ರಯಾಣದಲ್ಲಿ ನನಗೆ ಅತಿ ಇಷ್ಟವಾದ ಗಳಿಗೆ ಅದು.

ಚಳಿಗಾಗಿ ಹಂಬಲಿಸಿದವರಲ್ಲಿ ನಾವೇ ಮೊದಲಿಗರಲ್ಲವಲ್ಲ. 1885ರಲ್ಲಿ ಸರ್ವೆಗೆಂದು ಬಂದ ವಿಲಿಯಂ ಕ್ಯಾಮರಾನ್ ಈ ಎತ್ತರದ ಬಯಲನ್ನು ಕಂಡು ಹೋದ. ಅದು ಗಿರಿಧಾಮವಾಗಬೇಕಾದರೆ 1920ರ ದಶಕ ಬರಬೇಕಾಯಿತು. ಬಿಸಿಲಲ್ಲಿ ಬಸವಳಿದ ಇಂಗ್ಲಿಷ್ ಅಧಿಕಾರಿಗಳು ಇಲ್ಲಿ ತಮ್ಮೂರನ್ನೇ ಕಟ್ಟಿಕೊಂಡರು: ಬಿಳಿ ಗೋಡೆ, ಕಪ್ಪು ತೊಲೆ, ಅಗ್ಗಿಷ್ಟಿಕೆ, ಅಂಗಳದಲ್ಲಿ ಗುಲಾಬಿ. ಇಲ್ಲಿನ ತಾನಾ ರಾಟಾ ಪೇಟೆಯಲ್ಲಿ ಸಂಜೆ ಚಹಾದ ಜೊತೆ ಇವತ್ತಿಗೂ ಸ್ಕೋನು, ಸ್ಟ್ರಾಬೆರಿ ಜಾಮು ತಂದಿಡುತ್ತಾರೆ. ಆಳಲು ಬಂದವರು ಅವರು, ದುಡಿಯಲು ಬಂದವರು ನಾವು. ಆ ವ್ಯತ್ಯಾಸ ಸಣ್ಣದಲ್ಲ. ಆದರೂ ಅಗ್ಗಿಷ್ಟಿಕೆಯ ಮುಂದೆ ಕೂತಾಗ ಅವರ ಆ ಒಂದು ಆಸೆಯಾದರೂ ನನಗೆ ಅರ್ಥವಾಗುತ್ತದೆ.

ಇಲ್ಲಿಗೆ ವಿಶ್ರಾಂತಿಗೆ ಬಂದು ಮರಳದವನೂ ಒಬ್ಬನಿದ್ದಾನೆ. ಥಾಯ್ ರೇಷ್ಮೆಗೆ ಲೋಕದಲ್ಲೆಲ್ಲ ಹೆಸರು ತಂದುಕೊಟ್ಟ ಅಮೆರಿಕದ ಜಿಮ್ ಥಾಂಪ್ಸನ್, 1967ರ ಮಾರ್ಚ್ 26ರಂದು ತಾನಿಳಿದುಕೊಂಡಿದ್ದ ಬಂಗಲೆಯಿಂದ ಹೊರಗೆ ನಡೆದುಹೋದ. ಕಾಡನ್ನೆಲ್ಲ ಜಾಲಾಡಿದರೂ ಸಿಗಲಿಲ್ಲ. ರಾತ್ರಿ ಮಕ್ಕಳಿಗೆ ಹೇಳಲು ಈ ಕತೆ ಬೇಡ.

ಚಹಾ ತೋಟಗಳ ಮಾತೇ ಬೇರೆ. ಜೆ.ಎ. ರಸೆಲ್ 1929ರಲ್ಲಿ ಶುರುಮಾಡಿದ ಬೋ ತೋಟ ಇಲ್ಲಿ ಎಲ್ಲಕ್ಕಿಂತ ದೊಡ್ಡದು. ಆಗ ಕಾಡು ಕಡಿದು ಗಿಡ ನೆಟ್ಟವರಲ್ಲಿ ಎಷ್ಟೋ ಜನ ತಮಿಳರು. ಈಗ ಬಾಂಗ್ಲಾದೇಶ, ನೇಪಾಳ, ಇಂಡೊನೇಷ್ಯಾಗಳಿಂದ ಬಂದವರೇ ಹೆಚ್ಚು. ಬೋದ ಸುಂಗೈ ಪಾಲಾಸ್ ತೋಟದ ಇಳಿಜಾರಿನಲ್ಲಿ ಇಬ್ಬರು ಸಾಲಿನ ಆಚೆ ಈಚೆ ನಿಂತು ಯಂತ್ರ ಹಿಡಿದು ಸಾಗುತ್ತಿದ್ದರು; ಗಿಡಗಳ ಚಿಗುರು ಹಿಂದಿನ ಚೀಲಕ್ಕೆ ಹಾರಿ ಬೀಳುತ್ತಿತ್ತು. ಚೀಲ ತುಂಬಿದಂತೆ ಹಿಂದೆ ಬರುವವನ ಬೆನ್ನು ಬಾಗುತ್ತದೆ. ಮೇಲೆ ಚಹಾದಂಗಡಿಯ ಬಾಲ್ಕನಿಯಲ್ಲಿ ಕಪ್ಪು ಹಿಡಿದು ನಿಂತವರಿಗೆ ಕಾಣುವುದು ಹಸಿರು ಮಾತ್ರ. ಕೆಳಗಿಳಿದು ನೋಡಬೇಕು ಎಂಬುದು ನನ್ನ ಹಟ. ಲೈನ್ ಮನೆಗಳ ಹತ್ತಿರ ಸಿಕ್ಕ ಒಬ್ಬ ಅಜ್ಜಿ ನಮ್ಮ ಹರಕು ತಮಿಳಿಗೇ ಮುಖವರಳಿಸಿ ಮಾತಾಡಿದಳು. ಹುಟ್ಟಿದ್ದು ಇಲ್ಲೇ, ಎಲೆ ಕೊಯ್ದದ್ದು ಇಲ್ಲೇ, ಇಂಡಿಯಾ ನೋಡಿಲ್ಲ. ‘ಅಲ್ಲಿ ಇಷ್ಟು ಚಳಿ ಇದೆಯಾ?’ ಎಂದು ನಮ್ಮನ್ನೇ ಕೇಳಿದಳು.

ಮೇಲೆ, ಎರಡು ಸಾವಿರ ಮೀಟರ್ ದಾಟಿದ ಬ್ರಿಂಚಾಂಗ್ ಶಿಖರದ ಬಳಿ ಪಾಚಿಯ ಕಾಡು. ಕುಳ್ಳು ಮರಗಳು, ಕೊಂಬೆ ಕೊಂಬೆಗೂ ಗೇಣುದ್ದ ಪಾಚಿ. ಮಳೆಯಿಲ್ಲದಿದ್ದರೂ ಮೋಡದ ನೀರನ್ನೇ ಹೀರಿ ತೊಟ್ಟಿಕ್ಕಿಸುತ್ತವೆ. ಕೆಳಗಿನ ತೊರೆಗಳು ಬೇಸಿಗೆಯಲ್ಲೂ ಬತ್ತದಿರುವುದಕ್ಕೆ ಇಂಥ ಕಾಡೇ ಆಧಾರ. ನಮ್ಮ ಮುಳ್ಳಯ್ಯನಗಿರಿಯ ಶೋಲಾ ಕಾಡು ಮಾಡುವುದೂ ಇದೇ ಕೆಲಸವನ್ನು. ಇಲ್ಲಿ ಪಾಚಿಯ ಕಾಡಿನ ಬುಡದವರೆಗೂ ಗುಡ್ಡ ಬಗೆದು ಪ್ಲಾಸ್ಟಿಕ್ ಹೊದಿಸಿ ತರಕಾರಿ ಬೆಳೆಯುತ್ತಿರುವುದನ್ನು ಕಂಡರೆ ಸಿಟ್ಟು ಬರುತ್ತದೆ. ಮಳೆಗೆ ಕೊಚ್ಚಿದ ಮಣ್ಣು ರಿಂಗ್ಲೆಟ್ ಜಲಾಶಯ ಸೇರಿ ಹೂಳಾಗುತ್ತಿದೆ.

ಇಳಿಯುವ ದಾರಿಯಲ್ಲಿ ಸೆಮಾಯ್ ಜನರ ಬಿದಿರಿನ ಅಂಗಡಿಗಳಿವೆ. ಕ್ಯಾಮರಾನ್ ಬರುವ ಮೊದಲೂ ಈ ಕಾಡು ಅವರ ಮನೆಯೇ. ಕಾಡುಜೇನು, ಪೆತಾಯ್ ಕಾಯಿಗಳ ನಡುವೆ ಕಳಲೆ ಕಂಡದ್ದೇ ನನ್ನ ಹೆಂಡತಿ ಕಾರು ನಿಲ್ಲಿಸಿದಳು. ದಿನಾ ನೀರು ಬದಲಿಸುತ್ತಾ ಮೂರು ದಿನ ನೆನೆಹಾಕುವುದನ್ನು ಅವಳು ಕೈಸನ್ನೆಯಲ್ಲಿ ವಿವರಿಸಿದಳು. ಅಂಗಡಿಯಾಕೆ ಅಷ್ಟೆಲ್ಲ ಬೇಡವೆಂದು ತಲೆಯಾಡಿಸಿ, ಎರಡು ಸಲ ಕುದಿಸಿ ನೀರು ಚೆಲ್ಲಿದರೆ ಸಾಕು ಎಂದು ತಾನೂ ಕೈಸನ್ನೆಯಲ್ಲೇ ಹೇಳಿದಳು. ಇಬ್ಬರೂ ಒಪ್ಪಲಿಲ್ಲ. ನಾವು ಎರಡು ಕಟ್ಟು ಕೊಂಡೆವು, ಎರಡೂ ರೀತಿ ಮಾಡಿ ನೋಡುವುದೆಂದು.