ನೇತ್ರಾವತಿಯ ದಂಡೆಯಲ್ಲಿ ಜಮೈಕಾದ ಕಡುಬು

ಮಂಗಳೂರಿನಿಂದ ಮೂಡಣಕ್ಕೆ ಹೊರಟ ಹೆದ್ದಾರಿಯು ಫರಂಗಿಪೇಟೆಯನ್ನು ಹಿಂದಿಕ್ಕಿ, ನೇತ್ರಾವತಿಯನ್ನು ಬಲಕ್ಕಿರಿಸಿಕೊಂಡು ಬಂಟ್ವಾಳದ ಕಡೆಗೆ ಸಾಗುತ್ತದೆ. ಒಂದು ಕಾಲದಲ್ಲಿ ಘಟ್ಟದ ಮೇಲಿನ ಸರಕು ಎತ್ತಿನ ಗಾಡಿಗಳಲ್ಲಿ ಬಂಟ್ವಾಳಕ್ಕಿಳಿದು, ಅಲ್ಲಿಂದ ದೋಣಿಗಳಲ್ಲಿ ಮಂಗಳೂರಿನ ಬಂದರನ್ನು ಸೇರುತ್ತಿತ್ತು. ಸರಕು ಓಡಾಡಿದ ದಾರಿಯಲ್ಲಿ ರುಚಿಯೂ ಓಡಾಡುವುದು ಲೋಕರೂಢಿ. ಈ ಮಾತಿಗೆ ನಿದರ್ಶನ ಬೇಕಾದವರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಿತ್ತಿಲುಗಳನ್ನು ನೋಡಬೇಕು. ಕೈಯಲ್ಲಿ ಮಾತ್ರ ಏಳು ಕಡಲಾಚೆಯ ಒಂದು ತಿನಿಸಿನ ಪಾಕವಿಧಾನವಿರಬೇಕು.

ಆ ತಿನಿಸು ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪದ ‘ಪ್ಯಾಟಿ’. ಅರ್ಧಚಂದ್ರಾಕೃತಿ, ಹಳದಿ ಬಣ್ಣದ ಪದರುಪದರಾದ ಹೊದಿಕೆ, ಒಳಗೆ ನಾಲಗೆ ಚುರುಗುಟ್ಟಿಸುವ ಖೀಮಾ. ಮಡಚಿದ ಹಿಟ್ಟಿನೊಳಗೆ ಮಾಂಸವನ್ನಿಟ್ಟು ಬೇಯಿಸುವ ಕ್ರಮ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ಬಂದಿತೆಂದೂ, ಮಸಾಲೆ ಭಾರತೀಯರದೆಂದೂ ಹೇಳುತ್ತಾರೆ. ಅಲ್ಲಿಗೆ ಭಾರತೀಯರು ಹೋದ ಬಗೆ ಸಂತೋಷದ ಕಥೆಯಲ್ಲ. 1838ರಲ್ಲಿ ಗುಲಾಮರು ಪೂರ್ಣ ಸ್ವತಂತ್ರರಾದಾಗ ಕಬ್ಬಿನ ತೋಟದ ಒಡೆಯರಿಗೆ ಆಳುಗಳು ಬೇಕಾದರು. 1845ರ ಮೇ 10ರಂದು ಮೊದಲ ಭಾರತೀಯ ಕೂಲಿಗಳು ಕರಾರಿನ ಮೇಲೆ ಜಮೈಕಾದ ಓಲ್ಡ್ ಹಾರ್ಬರ್ ಕೊಲ್ಲಿಯಲ್ಲಿ ಇಳಿದರು. ಆಮೇಲಿನ ಸುಮಾರು ಎಪ್ಪತ್ತು ವರ್ಷಗಳಲ್ಲಿ ಮೂವತ್ತಾರು ಸಾವಿರದಷ್ಟು ಜನ ಅದೇ ದಾರಿ ಹಿಡಿದರು. ಹೆಚ್ಚಿನವರು ಗಂಗಾ ಬಯಲಿನವರು. ಅವರಲ್ಲಿ ಬಹುಮಂದಿಗೆ ತಾಯ್ನಾಡಿಗೆ ಮರಳುವ ಭಾಗ್ಯ ಒದಗಲಿಲ್ಲ. ಅವರ ಅರಶಿನ, ಕೊತ್ತಂಬರಿ, ಜೀರಿಗೆಗಳು ಮಾತ್ರ ಆ ನೆಲದ ಅಡುಗೆಯಲ್ಲಿ ನೆಲೆನಿಂತವು.

ಅತ್ತ ಹೋದ ಸಾಂಬಾರಕ್ಕೆ ಸಾಟಿಯಾಗಿ ಇತ್ತ ಬಂದುದೂ ಉಂಟು. ಕರಿಮೆಣಸಿನ ನಾಡನ್ನು ಅರಸಿ 1492ರಲ್ಲಿ ಹೊರಟ ಕೊಲಂಬಸನಿಗೆ ಕೆರಿಬಿಯನ್ ದ್ವೀಪಗಳಲ್ಲಿ ದೊರೆತುದು ಬೇರೊಂದು ಖಾರ, ಮೆಣಸಿನಕಾಯಿ. ಮುಂದಿನ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಪಡುಗಡಲಿನ ತೀರಕ್ಕೆ ತಂದರು. ತುಳುವರು ಇಂದಿಗೂ ಕರಿಮೆಣಸನ್ನು ‘ಎಡ್ಡೆ ಮುಂಚಿ’, ಎಂದರೆ ಒಳ್ಳೆಯ ಮೆಣಸು ಎನ್ನುತ್ತಾರೆ. ಹೊಸಬನನ್ನು ಮನೆಯೊಳಗೆ ಸೇರಿಸಿಕೊಂಡ ಮೇಲೂ ಹಳಬನ ಹಿರಿತನವನ್ನು ಮರೆಯದ ನುಡಿಯಿದು.

ಇನ್ನು ಹಿತ್ತಿಲಿಗೆ ಬರೋಣ. ಜಮೈಕಾದ ಪ್ಯಾಟಿಗೆ ಅತ್ಯವಶ್ಯವಾದ ಆಲ್‌ಸ್ಪೈಸ್ ಆ ದ್ವೀಪದ್ದೇ ಮರದ ಕಾಯಿ. ಲವಂಗ, ದಾಲ್ಚಿನ್ನಿ, ಜಾಯಿಕಾಯಿಗಳ ಪರಿಮಳವನ್ನು ಒಂದೇ ಕಡೆ ಕೂಡಿಸಿಕೊಂಡ ಈ ಮರ ದಕ್ಷಿಣ ಕನ್ನಡದ ಕೆಲವು ತೋಟಗಳಲ್ಲಿ ಸರ್ವಸಾಂಬಾರವೆಂಬ ಹೆಸರಿನಿಂದ ಬೆಳೆದಿದೆ. ಗೃಹಿಣಿಯರು ಅದರ ಎಲೆಯನ್ನು ಪಲಾವಿಗೆ ಹಾಕುತ್ತಾರೆ. ಅಲ್ಲಿಯವರು ಬಳಸುವ ಥೈಮ್ ಸೊಪ್ಪು ಇಲ್ಲಿಲ್ಲವೆಂದು ಕೊರಗಬೇಕಾಗಿಲ್ಲ. ಬಾವಿಕಟ್ಟೆಯ ಬಳಿಯ ಸಾಂಬಾರಬಳ್ಳಿಯನ್ನೇ, ಎಂದರೆ ದೊಡ್ಡಪತ್ರೆಯನ್ನೇ, ಕೆರಿಬಿಯನ್ ದ್ವೀಪದವರು ಅಗಲ ಎಲೆಯ ಥೈಮ್ ಎಂದು ಅಡುಗೆಗೆ ಉಪಯೋಗಿಸುತ್ತಾರೆ. ಖಾರಕ್ಕೆ ಗಾಂಧಾರಿ ಮೆಣಸಿದೆ, ಬಣ್ಣಕ್ಕೆ ಅರಶಿನವಿದೆ. ಪರದೇಶದ ತಿನಿಸಿಗೆ ಬೇಕಾದುದೆಲ್ಲ ಮನೆಯಂಗಳದಲ್ಲೇ ದೊರೆತ ಮೇಲೆ ಅದನ್ನು ಪರದೇಶದ್ದೆನ್ನುವುದು ಹೇಗೆ?

ಆಕಾರವೂ ಬಂಟ್ವಾಳಕ್ಕೆ ಹೊಸತಲ್ಲ. ಇಲ್ಲಿಯ ಗೌಡ ಸಾರಸ್ವತರೂ ಕ್ರೈಸ್ತರೂ ಕೊಂಕಣಿಯನ್ನೇ ಆಡುವವರು. ಒಂದು ಮನೆಯಲ್ಲಿ ಹಬ್ಬಕ್ಕೆ ಮಾಡುವ ನೆವ್ರಿಯೇ ಇನ್ನೊಂದು ಮನೆಯಲ್ಲಿ ಕ್ರಿಸ್ಮಸ್ಸಿನ ಕುಸ್ವಾರಿನ ತಟ್ಟೆಯಲ್ಲಿ ಕಾಣಿಸುತ್ತದೆ. ಅದೇ ಅರ್ಧಚಂದ್ರ, ಅಂಚಿಗೆ ಅದೇ ಹೆಣಿಗೆ. ಒಳಗೆ ಮಾತ್ರ ಸಿಹಿ. ಬ್ಯಾರಿ ಮುಸಲ್ಮಾನರ ಮನೆಗಳಲ್ಲಿ ರಂಜಾನಿನ ಸಂಜೆ ಉಪವಾಸ ಬಿಡುವ ಹೊತ್ತಿಗೆ ಖೀಮಾ ತುಂಬಿದ ಸಮೋಸ ಸಿದ್ಧವಾಗುತ್ತದೆ. ಒಂದರ ಮೈ, ಇನ್ನೊಂದರ ಒಡಲು ಕೂಡಿದರೆ ಪ್ಯಾಟಿಯಾಯಿತು.

ಮನೆಯಲ್ಲಿ ಮಾಡಬಯಸುವವರಿಗೆ ಕ್ರಮವಿದು. ಕಾಲು ಕಿಲೋ ಮೈದಾಕ್ಕೆ ಒಂದು ಚಮಚ ಅರಶಿನ, ಅರ್ಧ ಚಮಚ ಉಪ್ಪು ಬೆರೆಸಿ, 125 ಗ್ರಾಂ ತಣ್ಣಗಿನ ಗಟ್ಟಿ ಬೆಣ್ಣೆಯನ್ನು ಬೆರಳ ತುದಿಗಳಿಂದ ಉದುರುದುರಾಗಿ ತಿಕ್ಕಬೇಕು. ಬೆಣ್ಣೆ ಕರಗಕೂಡದು, ಅದರ ಸಣ್ಣ ಚೂರುಗಳು ಬೇಯುವಾಗ ಕರಗಿ, ಅದರಲ್ಲಿಯ ನೀರು ಆವಿಯಾಗಿ ಹಿಟ್ಟನ್ನು ಎತ್ತುವುದರಿಂದಲೇ ಪದರು ಮೂಡುವುದು. ಕರಾವಳಿಯ ಸೆಕೆಯಲ್ಲಿ ಈ ಕೆಲಸಕ್ಕೆ ಬೆಳಗಿನ ಜಾವವೇ ಲೇಸು. ಮೂರನೆಯ ಒಂದು ಬಟ್ಟಲು ತಣ್ಣೀರಿನಲ್ಲಿ ಕಲಸಿ, ಹೆಚ್ಚು ನಾದದೆ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು.

ಜಮೈಕಾದಲ್ಲಿ ಹೆಚ್ಚಾಗಿ ದನದ ಮಾಂಸ. ಇಲ್ಲಿ ಆಡಿನದೋ ಕೋಳಿಯದೋ ಆದೀತು. 300 ಗ್ರಾಂ ಖೀಮಾವನ್ನು ಈರುಳ್ಳಿ, ಬೆಳ್ಳುಳ್ಳಿ, ನಾಲ್ಕೈದು ಗಾಂಧಾರಿ, ನಾಲ್ಕು ದೊಡ್ಡಪತ್ರೆ ಎಲೆ, ಎರಡು ಸರ್ವಸಾಂಬಾರದ ಎಲೆಗಳೊಡನೆ ಹುರಿದು, ಒಂದು ಚಮಚ ಮಸಾಲೆಪುಡಿ, ಉಪ್ಪು, ಮುಕ್ಕಾಲು ಬಟ್ಟಲು ನೀರು ಹಾಕಿ ಬೇಯಿಸಬೇಕು. ಕ್ರೈಸ್ತರ ಮನೆಯ ಬಾಫಾತ್ ಪುಡಿ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಮಾಂಸ ಬೆಂದ ಮೇಲೆ ಸರ್ವಸಾಂಬಾರದ ಎಲೆಗಳನ್ನು ತೆಗೆದು, ಮೂರು ಚಮಚ ರಸ್ಕಿನ ಪುಡಿ ಬೆರೆಸಿದರೆ ರಸ ಹರಿಯದೆ ನಿಲ್ಲುತ್ತದೆ. ಹೂರಣ ಪೂರ್ತಿ ಆರಿದ ಬಳಿಕ ಹಿಟ್ಟನ್ನು ಎಂಟು ಉಂಡೆ ಮಾಡಿ, ಐದಂಗುಲದ ಬಿಲ್ಲೆಗಳಾಗಿ ಲಟ್ಟಿಸಿ, ತುಂಬಿ, ಮಡಚಿ, ಅಂಚನ್ನು ಒತ್ತಬೇಕು. ಒವನ್ನಿನಲ್ಲಿ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ ಸಾಕು. ಒವನ್ ಇಲ್ಲದವರು ದಪ್ಪ ತಳದ ಪಾತ್ರೆಗೆ ಮರಳು ಹಾಸಿ, ತಟ್ಟೆಯಿಟ್ಟು, ಮುಚ್ಚಳದ ಮೇಲೆ ಗೆರಟೆಯ ಕೆಂಡ ಹರಡಿ ಬೇಯಿಸಬಹುದು.

ಬಂಟ್ವಾಳದಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳ ದಾರಿಯಾಗಿ ಬೆಳ್ತಂಗಡಿಯನ್ನು ಸಮೀಪಿಸಿದರೆ, ಟಿಪ್ಪುವಿನ ಜಮಾಲಾಬಾದ್ ಕೋಟೆಯನ್ನು ಹೊತ್ತ ಗಡಾಯಿಕಲ್ಲು ಕಣ್ಣಿಗೆ ಬೀಳುತ್ತದೆ. ಇಲ್ಲಿಯ ತುಳುವರ ಕೋರಿ ರೊಟ್ಟಿಯಲ್ಲಿ ಗರಿಗರಿಯಾದ ಅಕ್ಕಿ ರೊಟ್ಟಿಯೂ ಕೋಳಿಯ ಸಾರೂ ತಟ್ಟೆಯಲ್ಲಿ ಬಂದು ಕೂಡುತ್ತವೆ; ಪ್ಯಾಟಿಯಲ್ಲಿ ಒಲೆಯ ಮೇಲೆಯೇ ಕೂಡಿರುತ್ತವೆ. ಕೋಳಿ ಸುಕ್ಕದ ಒಣ ಮಸಾಲೆ ಹೂರಣಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ತೆಂಗಿನಕಾಯಿ ಬೇಗ ಹಳಸುವುದರಿಂದ ಅಂದಿನದನ್ನು ಅಂದೇ ತಿನ್ನಬೇಕು. ಈ ತಾಲೂಕಿಗೆ ಕೇರಳದಿಂದ ವಲಸೆ ಬಂದ ಸಿರಿಯನ್ ಕ್ರೈಸ್ತ ಕೃಷಿಕರೂ ನೆಲೆಸಿದ್ದಾರೆ; 1999ರಲ್ಲಿ ಬೆಳ್ತಂಗಡಿಯೇ ಅವರ ಧರ್ಮಪ್ರಾಂತ್ಯದ ಕೇಂದ್ರವಾಯಿತು. ಅವರು ಮಾಂಸದೊಡನೆ ಬೇಯಿಸುವ ಮರಗೆಣಸು ದಕ್ಷಿಣ ಅಮೆರಿಕೆಯ ಮೂಲದ್ದು. ಜಮೈಕಾದವರು ಅದರಿಂದಲೇ ‘ಬ್ಯಾಮಿ’ ಎಂಬ ರೊಟ್ಟಿ ಮಾಡುತ್ತಾರೆ. ವಲಸೆ ಬಂದವರ ಒಲೆಯ ಮೇಲೆ ವಲಸೆ ಬಂದ ಗೆಡ್ಡೆ!

ಗುರುವಾಯನಕೆರೆಗೆ ಮರಳಿ ವೇಣೂರಿನ ದಾರಿ ಹಿಡಿದರೆ, 1604ರಲ್ಲಿ ಪ್ರತಿಷ್ಠೆಗೊಂಡ ಬಾಹುಬಲಿಯನ್ನು ಕಂಡು ಮೂಡುಬಿದಿರೆಗೆ ಹೋಗಬಹುದು. ಹದಿನೆಂಟು ಬಸದಿಗಳ ಈ ಜೈನಕಾಶಿಯಲ್ಲಿ ಮಾಂಸದ ಕಡುಬಿನ ಮಾತೆತ್ತುವುದು ಉಚಿತವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಇಲ್ಲಿ ಎಲ್ಲ ಮತದವರೂ ಇದ್ದಾರೆ. ಆದರೆ ವ್ರತನಿಷ್ಠ ಶ್ರಾವಕನಿಗೆ ಮಾಂಸವಿರಲಿ, ಈರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ, ಸೂರ್ಯಾಸ್ತದ ಬಳಿಕ ಊಟವೂ ವರ್ಜ್ಯ. ತುಳುನಾಡು ಇದಕ್ಕೊಂದು ಉತ್ತರವನ್ನು ಮರದ ಮೇಲೆಯೇ ಇರಿಸಿದೆ. ಎಳೆಯ ಹಲಸು, ಎಂದರೆ ಗುಜ್ಜೆ, ಬೆಂದರೆ ಎಳೆಎಳೆಯಾಗಿ ಬಿಡಿಸಿಕೊಂಡು ಮಸಾಲೆಯನ್ನು ಹೀರುತ್ತದೆ. ಹಸಿ ಗೆಡ್ಡೆಗಳನ್ನು ಬಿಟ್ಟವರೂ ಒಣಗಿದ ಅರಶಿನ, ಒಣಶುಂಠಿಗಳನ್ನು ಸಾಮಾನ್ಯವಾಗಿ ಸ್ವೀಕರಿಸುವುದರಿಂದ ಹೊದಿಕೆಯ ಬಣ್ಣಕ್ಕೂ ಹೂರಣದ ಘಮಕ್ಕೂ ಕೊರತೆಯಾಗದು.

ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬದಲ್ಲಿ ನವನಾರೀ ಕುಂಜರವೆಂಬ ಕೆತ್ತನೆಯಿದೆ. ದೂರಕ್ಕೆ ಆನೆ; ಹತ್ತಿರ ಹೋದರೆ ಒಬ್ಬರನ್ನೊಬ್ಬರು ಹೆಣೆದುಕೊಂಡ ಒಂಬತ್ತು ಹೆಂಗಳೆಯರು. ಕಡುಬಿಗಾದರೋ ಈ ವಿನೋದ ಸಲ್ಲದು. ಹೊರಗಿನಿಂದ ಒಂದೇ ತೆರನಾಗಿ ಕಾಣುವ ತಿನಿಸಿನ ಒಳಗೇನಿದೆಯೆಂಬುದು ತಿನ್ನುವವನಿಗೆ ಮೊದಲೇ ತಿಳಿದಿರಬೇಕು. ಆದುದರಿಂದ ಎರಡು ಬಗೆಯನ್ನೂ ಮಾಡುವ ಮನೆಯವರು ಖೀಮಾದ ಕಡುಬಿನ ಅಂಚನ್ನು ಮುಳ್ಳುಚಮಚದಿಂದ ಒತ್ತಲಿ, ಗುಜ್ಜೆಯ ಕಡುಬಿನ ಅಂಚನ್ನು ನೆವ್ರಿಯಂತೆ ಹೆಣೆಯಲಿ. ಪಾತ್ರೆ, ಎಣ್ಣೆ, ತಟ್ಟೆಗಳನ್ನು ಬೇರೆಬೇರೆಯಾಗಿ ಇಡಲಿ. ವ್ರತಸ್ಥರು ಬರುವ ದಿನ ಗುಜ್ಜೆಯದನ್ನು ಮಾತ್ರ ಮಾಡಿ, ಹೊತ್ತು ಮುಳುಗುವ ಮೊದಲೇ ಬಡಿಸಲಿ. ಬೆರಳ ತುದಿಯ ಇಷ್ಟು ಎಚ್ಚರವಿದ್ದರೆ, ಅತಿಥಿ ಯಾವ ಮತದವನಾದರೂ ನಿಶ್ಶಂಕೆಯಿಂದ ಕೈ ಚಾಚಬಹುದು.