ಏಳನೇ ನಂಬರ್ ಫಾರಂ ಬರೆದುಕೊಟ್ಟ ಮಾಸ್ತರು

ಕಾನೂನು ಓದುತ್ತಿರುವ ಮೊಮ್ಮಗಳು ಮೊನ್ನೆ ಕಲಬುರಗಿಯ ಕುಸನೂರ ರಸ್ತೆಯಲ್ಲಿ ಕೇಳಿದಳು: "ಮುತ್ಯಾ, ನಿಮ್ಮ ಪ್ರೊಫೆಸರ್ ಕೋರ್ಟಿಗೇ ಹೋಗ್ತಿರ್ಲಿಲ್ಲ ಅಂತೀರಿ. ಮತ್ತ ಊರ ಮಂದಿಗಿ ಅವರಿಂದ ಏನ್ ಉಪಯೋಗ ಆಯ್ತು?" ರಸ್ತೆಯ ಎರಡೂ ಕಡೆ ಈಗ ಲೇಔಟುಗಳು. ಅಲ್ಲಿ ಜೋಳದ ಹೊಲಗಳಿದ್ದವು. ಅವಳ ಪ್ರಶ್ನೆಗೆ ಉತ್ತರವೂ ಆ ಹೊಲಗಳಲ್ಲೇ ಇತ್ತು.

ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿ ಜಮೀನು ಸರ್ಕಾರದ ವಶವಾಯಿತು. ಉಳುವವನು ಫಾರಂ 7 ಕೊಟ್ಟು ಹಕ್ಕು ಕೇಳಬೇಕಿತ್ತು. ವಿಚಾರಣೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯ ಭೂ ನ್ಯಾಯಮಂಡಳಿಯಲ್ಲಿ. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲವೆಂದು 48ನೇ ಕಲಮು ಹೇಳುತ್ತಿತ್ತು. ಉದ್ದೇಶ ಒಳ್ಳೆಯದೇ. ಆದರೆ ಗೌಡರು ಕಾಗದಪತ್ರದಲ್ಲಿ ಪಳಗಿದವರು, ಗೇಣಿದಾರ ಹೆಬ್ಬೆಟ್ಟಿನವನು. ಅವನ ಪಕ್ಕದಲ್ಲಿ ಕೂರಲು ಆ ಪ್ರೊಫೆಸರ್, ಕಾನೂನು ಕಾಲೇಜಿನ ನಮ್ಮ ಮಾಸ್ತರು, ಬಂದರು.

ರವಿವಾರ ಮುಂಜಾನೆ ಅವರು ಸೈಕಲ್ ಮೇಲೆ ಕುಸನೂರಿಗೆ ಹೊರಡುತ್ತಿದ್ದರು, ಹಿಂದೆ ನಾವು ನಾಲ್ಕೈದು ಹುಡುಗರು. ಹನುಮಂತ ದೇವರ ಗುಡಿಯ ಕಟ್ಟೆಯೇ ಆಫೀಸು. ಆ ಕಟ್ಟೆಯ ವಾಸನೆ ಈಗಲೂ ನೆನಪಿದೆ: ಹೆಬ್ಬೆಟ್ಟಿನ ಶಾಯಿ, ಅದನ್ನು ಒರೆಸಲು ಇಟ್ಟ ಸೀಮೆಎಣ್ಣೆಯ ಅರಿವೆ, ನಡುವೆ ಯಾರದೋ ಬುತ್ತಿಯ ಶೇಂಗಾ ಹಿಂಡಿ. ನಿಜಾಮರ ಕಾಲದಲ್ಲಿ ಇಲ್ಲಿನ ದಫ್ತರ ಉರ್ದುವಿನಲ್ಲಿತ್ತು. ಮಾಸ್ತರಿಗೆ ಉರ್ದು ಸರಾಗ. ಹಳೆಯ ಕಾಗದಗಳನ್ನು ಬೆಳಕಿಗೆ ಹಿಡಿದು ಓದಿ, ಕನ್ನಡದಲ್ಲಿ ನಮಗೆ ಬರೆಸುತ್ತಿದ್ದರು.

ಒಬ್ಬ ವಿಧವೆಯ ಸಂಗತಿ ಹೇಳಲೇಬೇಕು. ಹೊಸ ಪಹಣಿಯಲ್ಲಿ ಅವಳು ಉಳುವ ಹೊಲ ಮಾಲೀಕನ ಸ್ವಂತ ಸಾಗುವಳಿ ಎಂದಿತ್ತು. ಉರ್ದು ಕಾಗದದಲ್ಲಿ ಅವಳ ಮಾವನ ಹೆಸರಿತ್ತು. ಇದು ತಿಳಿದ ಕೂಡಲೇ ಮಾಲೀಕ ಕಟ್ಟೆಗೆ ಬಂದ. ಫಾರಂ ಕೊಡಬೇಡ, ಎರಡು ಎಕರೆ ನಾನೇ ಬಿಟ್ಟುಕೊಡುತ್ತೇನೆ ಎಂದ. ಅವಳು ಒಪ್ಪುವವಳಿದ್ದಳು. ಮಾಸ್ತರು ಜಗಳಕ್ಕೆ ಹೋಗಲಿಲ್ಲ. ಒಂದು ಹಾಳೆ ಅವನ ಮುಂದಿಟ್ಟು, "ಭಾಳ ಛಲೋ ಆಯ್ತು ಗೌಡ್ರೇ. ಆ ಎರಡು ಎಕರೆ ಇದರಾಗ ಬರದು ಸಹಿ ಮಾಡ್ರಿ," ಎಂದರು. ಗೌಡ ಎದ್ದು ಹೋದ. ಅವಳು ಹೆಬ್ಬೆಟ್ಟು ಒತ್ತಿದಳು. ಮುಂದೆ ಮಂಡಳಿ ಅಷ್ಟೂ ಹೊಲವನ್ನು ಅವಳಿಗೇ ಕೊಟ್ಟಿತು. ಸಾಕ್ಷ್ಯ ಕಾಯ್ದೆಯನ್ನು ನಾನು ಕಲಿತದ್ದು ಆ ಕಟ್ಟೆಯ ಮೇಲೆ.

ಕಾನೂನು ಓದಿದವರು ದುಡಿಯುವವರ ಪಕ್ಕ ನಿಲ್ಲುವುದು ಕಲಬುರಗಿಗೆ ತೀರ ಹೊಸದಾಗಿರಲಿಲ್ಲ. ಇಲ್ಲಿನ ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿನಲ್ಲಿ ಓದಿದ ಮಲ್ಲಿಕಾರ್ಜುನ ಖರ್ಗೆ 1969ರಲ್ಲಿ ಎಂ.ಎಸ್.ಕೆ. ಮಿಲ್ ಕಾರ್ಮಿಕರ ಸಂಘದ ಕಾನೂನು ಸಲಹೆಗಾರರಾಗಿದ್ದರು. ಖರ್ಗೆಯವರು ಯಾರ ಬಳಿ ಜೂನಿಯರ್ ಆಗಿದ್ದರೋ ಆ ಶಿವರಾಜ ಪಾಟೀಲರು ಸುಪ್ರೀಂ ಕೋರ್ಟಿನವರೆಗೆ ಹೋದರು. ನಮ್ಮ ಮಾಸ್ತರು ಎಲ್ಲಿಗೂ ಹೋಗಲಿಲ್ಲ.

ಆ ಕಾಲವೇ ಚಿನ್ನದ್ದು ಎಂದರೆ ಸುಳ್ಳಾದೀತು. ಗೌಡರ ಅಂಜಿಕೆಗೆ ಎಷ್ಟೋ ಮಂದಿ ಫಾರಂ ಕೊಡಲೇ ಇಲ್ಲ. ಗೇಣಿಯೇ ಇಲ್ಲದ ಕೂಲಿಯವರಿಗೆ, ಅವರಲ್ಲಿ ಹೆಚ್ಚಿನವರು ದಲಿತರು, ಆ ಫಾರಂ ಉಪಯೋಗಕ್ಕೆ ಬರಲಿಲ್ಲ. ನಮ್ಮ ತರಗತಿಯಲ್ಲಿ ಹುಡುಗಿಯರೇ ಇರಲಿಲ್ಲ. ಈಗ ನನ್ನ ಮೊಮ್ಮಗಳ ತರಗತಿ ತುಂಬ ಹುಡುಗಿಯರು. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಬೆಂಗಳೂರಿನ ರಾತ್ರಿ ಪ್ರಯಾಣ ತಪ್ಪಿತು. ಇದೆಲ್ಲ ನಿಜವಾದ ಗಳಿಕೆ.

ಕಳೆದುಕೊಂಡದ್ದೂ ಅಷ್ಟೇ ನಿಜ. ಮಂಡಳಿ ಕೊಟ್ಟ ಹೊಲವನ್ನು 15 ವರ್ಷ ಮಾರುವಂತಿರಲಿಲ್ಲ. ಅವಧಿ ಮುಗಿದದ್ದೇ ತಡ, ಸಾಲ, ಮದುವೆ, ದವಾಖಾನೆ ಎಂದು ಒಂದೊಂದೇ ಹೊಲ ಕೈಬಿಟ್ಟಿತು. ಕೃಷಿಕರಲ್ಲದವರು ಹೊಲ ಕೊಳ್ಳದಂತೆ ತಡೆಯುತ್ತಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದೇ ಹಾಕಿದರು. ಆ ಕಲಮುಗಳನ್ನು ಮಾಸ್ತರು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದರು. ಇಂದಿನ ಕಾನೂನು ನೆರವು ಶಿಬಿರಗಳಲ್ಲಿ ಬ್ಯಾನರ್ ಕಟ್ಟುತ್ತಾರೆ, ಫೋಟೋ ತೆಗೆಯುತ್ತಾರೆ, ಊಟಕ್ಕೆ ಮೊದಲೇ ಹೊರಡುತ್ತಾರೆ. ಮುದುಕಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಕಾಗದ ತೆಗೆಯುವಷ್ಟು ಹೊತ್ತೂ ಅವರು ಕಾಯುವುದಿಲ್ಲ.

ಕಾನೂನು ಕಾಲೇಜುಗಳಿಗೆ ದರ್ಜೆ ಕೊಡುವವರು ಕಟ್ಟಡ, ಪ್ರಬಂಧಗಳನ್ನು ಎಣಿಸಲಿ. ಜೊತೆಗೆ ಪಕ್ಕದ ಊರಿಗೂ ಒಮ್ಮೆ ಹೋಗಿ, ಆ ಕಾಲೇಜಿನ ಪ್ರೊಫೆಸರರ ಹೆಸರು ಅಲ್ಲಿ ಯಾರಿಗಾದರೂ ಗೊತ್ತೇ ಎಂದು ವಿಚಾರಿಸಲಿ. ಗೊತ್ತಿಲ್ಲವೆಂದರೆ ಆ ಕಾಲೇಜು ಪದವಿ ಹಂಚುತ್ತಿದೆ, ಕಾನೂನು ಕಲಿಸುತ್ತಿಲ್ಲ.