ತೆರೆದಿರುವ ವೇಳೆ

ನಾನು ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತನೆಂದು ಗೊತ್ತಾದೊಡನೆ ಹೈದರಾಬಾದಿನ ನಮ್ಮ ಕನ್ನಡ ಬಂಧುಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ರಾಯರೇ, ನಿಮ್ಮ ಆಫೀಸು ನಿಜವಾಗಿ ಎಷ್ಟು ಗಂಟೆಗೆ ತೆರೆಯುತ್ತದೆ?” ಆ ‘ನಿಜವಾಗಿ’ ಎಂಬ ಮಾತಿನಲ್ಲಿ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಿಳಿದ ಅನುಭವವಿದೆಯೋ!

ಕಾಗದದ ಮೇಲಿನ ಉತ್ತರ ಸುಲಭ. 1985ರ ಜೂನ್ ತಿಂಗಳಲ್ಲಿ ರಾಜೀವ ಗಾಂಧಿಯವರ ಸರಕಾರ ಕೇಂದ್ರದ ಆಡಳಿತ ಕಚೇರಿಗಳಿಗೆ ವಾರಕ್ಕೆ ಐದು ದಿನದ ಕೆಲಸವೆಂದು ಗೊತ್ತುಮಾಡಿತು. ಶನಿವಾರ ಕೈಬಿಟ್ಟಿತು, ಅದಕ್ಕೆ ಬದಲಾಗಿ ಉಳಿದ ದಿನಗಳು ಉದ್ದವಾದವು. ಊಟದ ಅರ್ಧ ಗಂಟೆ ಕಳೆದರೆ ದಿನಕ್ಕೆ 8 ಗಂಟೆ, ವಾರಕ್ಕೆ 40. ಬಿ.ಎಸ್‌ಸಿ. ಮಾಡಿದವನಿಗೆ ಇಷ್ಟು ಲೆಕ್ಕಕ್ಕೆ ಕಾಗದ ಬೇಡ. ಆದರೆ ಇದು ನಾವು ದುಡಿಯುವ ವೇಳೆ. ಜನರಿಗೆ ಕಿಟಕಿ ತೆರೆದಿರುವ ವೇಳೆ ಬೇರೆ. ನಮ್ಮ ಕೌಂಟರಿನ ಮೇಲಿದ್ದ ಬೋರ್ಡು ‘10ರಿಂದ 1’ ಎನ್ನುತ್ತಿತ್ತು. ಬೆಳಿಗ್ಗೆ ತೆಗೆದುಕೊಂಡ ಅರ್ಜಿಗಳನ್ನು ಪರಿಶೀಲಿಸಿ, ದಾಖಲಿಸಿ, ಮೇಲಿನವರಿಗೆ ಕಳಿಸಲು ಮಧ್ಯಾಹ್ನದ ಹೊತ್ತು ಬೇಕೇ ಬೇಕು. ಕಿಟಕಿ ಮುಚ್ಚಿದೊಡನೆ ಒಳಗಿನವರು ನಿದ್ದೆ ಹೊಡೆಯುತ್ತಾರೆಂದು ನಂಬಿದವರಿಗೆ ಇದೊಂದು ಮಾತು ಹೇಳಲೇಬೇಕು.

ಈ ವಿಷಯದಲ್ಲಿ ನಮಗಿಂತ ವಸ್ತುಸಂಗ್ರಹಾಲಯದವರು ಜಾಣರು. ಊರಿನಿಂದ ನೆಂಟರು ಬಂದರೆ ನಾವೆಲ್ಲ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಕರೆದೊಯ್ಯುವವರೇ. 1951ರ ಡಿಸೆಂಬರಿನಲ್ಲಿ ನೆಹರೂ ಅವರು ಉದ್ಘಾಟಿಸಿದ, 1968ರಿಂದ ಮೂಸಿ ನದಿಯ ದಂಡೆಯ ಕಟ್ಟಡದಲ್ಲಿರುವ ಆ ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಮದರಾಸಿನ ಎಗ್ಮೋರ್ ಮ್ಯೂಸಿಯಮ್ಮಿಗೂ ಶುಕ್ರವಾರ. ದಿಲ್ಲಿಯ ರಾಷ್ಟ್ರೀಯ ಸಂಗ್ರಹಾಲಯಕ್ಕೆ, ಕೆಂಪುಕೋಟೆಗೆ ಸೋಮವಾರ. ಭಾನುವಾರ ಮಾತ್ರ ಇವರು ಯಾರೂ ಬಾಗಿಲು ಹಾಕುವುದಿಲ್ಲ. ಜನರಿಗೆ ಬಿಡುವಿರುವ ದಿನ ತಾವು ದುಡಿದು, ಜನ ದುಡಿಯುವ ದಿನ ತಾವು ಬಿಡುವು ಮಾಡಿಕೊಳ್ಳುತ್ತಾರೆ. ಅದಕ್ಕೇ ಭಾನುವಾರ ಮಧ್ಯಾಹ್ನ 12ಕ್ಕೆ ಅಲ್ಲಿನ ಗಡಿಯಾರದೊಳಗಿನ ಪುಟ್ಟ ಮನುಷ್ಯ ಹೊರಬಂದು ಗಂಟೆ ಬಾರಿಸುವುದನ್ನು ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು ನೂರಾರು ಜನ ನೋಡಲಾಗುತ್ತದೆ.

ರಜೆಯ ವಾರವೇನೂ ದೇವರು ಬರೆದಿಟ್ಟದ್ದಲ್ಲ. ನಮ್ಮ ಕಲಬುರಗಿ, ಬೀದರ, ರಾಯಚೂರುಗಳು 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದವಷ್ಟೆ. ಆಗ ಕಚೇರಿಗಳಿಗೆ ಶುಕ್ರವಾರವೇ ಸೂಟಿ. ಆಮೇಲೆ ಭಾನುವಾರ ಬಂತು. ನಮ್ಮಜ್ಜ ಮಾತ್ರ ಸಾಯುವ ತನಕ ಶುಕ್ರವಾರ ಯಾವ ಕಚೇರಿ ಕೆಲಸಕ್ಕೂ ಹೊರಡಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಮುಚ್ಚಿದ ಕಿಟಕಿಯ ಮುಂದೆ ಒಬ್ಬಾತ ನಿಂತಿದ್ದ. ಕಾಲಿಗೆ ಸಿಮೆಂಟಿನ ಧೂಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದ. ಯಾದಗಿರಿ ಕಡೆಯವನು, ನಗರದ ಆ ತುದಿಯ ಕಟ್ಟಡವೊಂದರಲ್ಲಿ ಗೌಂಡಿ ಕೆಲಸ. ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ವೇಳೆ ಮೀರಿತ್ತು. ಫೋನಿನಲ್ಲೇ ಮುಗಿಯಬೇಕಾದ ಕೆಲಸ. ಆದರೆ ಇಟ್ಟಿಗೆ ಹಿಡಿದು ಹಿಡಿದು ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸಿರಲಿಲ್ಲ. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಅವನ ಮುಖ ಅರಳಿತು. ಮಾತು ಮಾತ್ರ ನೆಟ್ಟಗೆ ನನ್ನ ಎದೆಗೇ ಬಂತು: “ನಮಗ ಸೂಟಿ ಇದ್ದ ದಿನಾ ನಿಮಗೂ ಸೂಟಿ ಇರ್ತದ್ರಿ ಸರ. ನೀವು ಕೂಡೋ ದಿನಾ ನಮಗ ಕೂಲಿ. ಹಂಗಾರ ನಾವು ಯಾವಾಗ ಬರ್ಬೇಕ್ರಿ?”

ಅವನ ಕಾಗದ ತೆಗೆದುಕೊಂಡೆ, ರಸೀದಿ ಕೊಟ್ಟೆ. ಅವನ ಪ್ರಶ್ನೆಗೆ ಕೊಡಲು ನನ್ನಲ್ಲಿ ರಸೀದಿ ಇರಲಿಲ್ಲ.

ಮುಂದಿನ ಸಿಬ್ಬಂದಿ ಸಭೆಯಲ್ಲಿ ವಿಷಯ ಎತ್ತಿದೆ. ವಾರಕ್ಕೆ ಒಂದು ಸಂಜೆ 7ರವರೆಗೆ ಕಿಟಕಿ ತೆರೆದಿಡೋಣ, ಮರುದಿನ ಅಷ್ಟು ತಡವಾಗಿ ಬರೋಣ ಎಂದೆ. ವಿರೋಧ ಬಂತು, ಅದರಲ್ಲಿ ಹುರುಳೂ ಇತ್ತು. ಪಕ್ಕದ ಮೇಜಿನ ಸಹೋದ್ಯೋಗಿ ಕೇಳಿದರು: “ಅಣ್ಣಾ, ನನ್ನ ಮಗಳನ್ನು ಶಾಲೆಯಿಂದ ಯಾರು ಕರೆತರುತ್ತಾರೆ? ರಾತ್ರಿ ಎಂಟಕ್ಕೆ ಬಸ್‌ಸ್ಟಾಪಿನಲ್ಲಿ ನನ್ನ ಜೊತೆ ಯಾರು ನಿಲ್ಲುತ್ತಾರೆ?” ಕಿಟಕಿಯ ಆಚೆ ಒಂದು ಸಂಸಾರವಿದ್ದರೆ ಈಚೆಯೂ ಒಂದಿದೆ. ಕೊನೆಗೆ ಸಂಜೆಯ ಮಾತು ಬಿದ್ದುಹೋಯಿತು. ಆದರೆ ಸರದಿಯ ಮೇಲೆ ಊಟಕ್ಕೆ ಹೋಗಿ, ನಡುವೆ ಮುಚ್ಚದೆ 4ರವರೆಗೆ ಅರ್ಜಿ ತೆಗೆದುಕೊಳ್ಳುವುದೆಂದು ಆಯಿತು. ಮೂರು ಗಂಟೆ ಆರಾಯಿತು. ಅರ್ಧ ದಿನದ ಕೆಲಸ ಮುಗಿಸಿ ಬಂದವನಿಗೂ ಈಗ ಬಾಗಿಲು ಸಿಗುತ್ತದೆ.

ಆಗದ ಕೆಲಸವೇನಲ್ಲ ಇದು. ಇದೇ ಹೈದರಾಬಾದಿನಲ್ಲಿ 2001ರಲ್ಲಿ ಈಸೇವಾ ಕೇಂದ್ರಗಳು ಬಂದಾಗ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಬಿಲ್ಲು ಕಟ್ಟಿಸಿಕೊಂಡವು. ಕೆಲಸಗಾರರ ಪಾಳಿ ಮಾಡಿದ್ದರಿಂದ ಅದು ಸಾಧ್ಯವಾಯಿತು. ನಮ್ಮ ಕರ್ನಾಟಕದ ಸಕಾಲ ಕಾಯಿದೆ 2011ರದು. ಅರ್ಜಿ ಕೊಟ್ಟ ಮೇಲೆ ಇಷ್ಟು ದಿನದೊಳಗೆ ಕೆಲಸವಾಗಬೇಕೆಂದು ಅದು ಗಡುವು ಹಾಕಿತು. ಅರ್ಜಿ ಕೊಡಲು ಕೂಲಿ ಕಳೆದುಕೊಳ್ಳದ ವೇಳೆಯನ್ನೂ ಜನರಿಗೆ ಗೊತ್ತುಮಾಡಿಕೊಟ್ಟರೆ ಉಪಕಾರ ಪೂರ್ತಿಯಾದೀತು.

ಸರಕಾರಕ್ಕೆ ಬುದ್ಧಿ ಹೇಳಿದ ಬಾಯಿಂದಲೇ ನಮ್ಮ ಸಂಘಕ್ಕೂ ಒಂದು ಮಾತು. ನಮ್ಮ ವಾಚನಾಲಯ ತೆರೆಯುವುದು ವಾರದ ದಿನಗಳ ಸಂಜೆ 5ರಿಂದ 7. ಆ ಹೊತ್ತಿಗೆ ಬರಬಲ್ಲವರು ನಿವೃತ್ತರು ಮಾತ್ರ. ನಗರದ ಕಟ್ಟಡಗಳ ತಗಡಿನ ಶೆಡ್ಡುಗಳಲ್ಲಿ ಕನ್ನಡದ ಜನ, ಕನ್ನಡ ಅಕ್ಷರ ಮರೆಯುತ್ತಿರುವ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ಭಾನುವಾರ 10ರಿಂದ 1ರವರೆಗೆ ಬಾಗಿಲು ತೆರೆದರೆ ನಾಲ್ವರಾದರೂ ಬಂದಾರು. ಕಾರ್ಯದರ್ಶಿಗಳು ಬೀಗದ ಕೈ ಕೊಟ್ಟರೆ ಮೊದಲ ಮೂರು ತಿಂಗಳು ಬಾಗಿಲು ತೆಗೆಯುವ ಕೆಲಸ ನನ್ನದು.